ಪದ್ಮಶ್ರೀ ಹುಡುಕಿದ ಥಾಮಸ್

ಕೊಡಿಗೇಹಳ್ಳಿಯ ಪದ್ಮಶ್ರೀಗೆ ಕೋಪ ಬಂದರೆ ಮೊದಲು ಬೈಗುಳ ಬೀಳುವುದು ಕಂಪ್ಯೂಟರಿಗೆ. ಆವತ್ತು ಮಾತ್ರ ತನಗೇ ಬೈದುಕೊಂಡಳು.

ಹೆಬ್ಬಾಳದ ಒಂದು ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಪರದೇಶದವರ ಸತ್ತುಹೋದ ಹಿರೀಕರನ್ನು ಹಳೆಯ ರಿಜಿಸ್ಟರುಗಳಲ್ಲಿ ಹುಡುಕಿಕೊಡುವುದು. ಸ್ವಂತ ಮುತ್ತಜ್ಜನ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುವ ಹೆಂಗಸು, ಇಂಗ್ಲೆಂಡಿನ ಯಾವ ಬೀದಿಯಲ್ಲಿ ಯಾರು ಏನು ಕದ್ದರು ಅಂತ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು.

ಈ ಸಲ ಗಂಟುಬಿದ್ದವನು ಥಾಮಸ್ ರಡ್, ಹದಿಮೂರು ವರ್ಷದ ಪೋರ. ಒಂದು ಜೊತೆ ಬೂಟು ಕದ್ದನೆಂದು, ನೂರೆಂಬತ್ತು ವರ್ಷದ ಹಿಂದೆ, ಬ್ರಿಟಿಷ್ ಸರ್ಕಾರ ಅವನನ್ನು ಹಡಗು ಹತ್ತಿಸಿ ಟಾಸ್ಮೇನಿಯಾ ದ್ವೀಪಕ್ಕೆ ಗಡೀಪಾರು ಮಾಡಿತ್ತು. ಬೂಟಿಗೆ ಏಳು ವರ್ಷ! ಅವನ ಅಣ್ಣನ ವಂಶದ ಮಾರ್ಗರೆಟ್ ಎಂಬ ಮುದುಕಿ ಕೇಳಿದ್ದು ಇಷ್ಟೇ: ಹುಡುಗ ಬದುಕಿಕೊಂಡನೇ?

ಬದುಕಿದ ಅಂತ ಪದ್ಮಶ್ರೀ ಬರೆದು ಕಳಿಸಿಯೂ ಬಿಟ್ಟಿದ್ದಳು. ಅದೇ ದ್ವೀಪದಲ್ಲಿ ಕುರಿ ಸಾಕಿಕೊಂಡು ಎಂಬತ್ತು ವರ್ಷ ಬಾಳಿದ ಥಾಮಸ್ ರಡ್ ಒಬ್ಬ ಸಿಕ್ಕಿದ್ದ. ಅವನ ಹಿರಿಮಗನ ಹೆಸರು ಜಾನ್, ಹುಡುಗನ ಅಪ್ಪನ ಹೆಸರೂ ಜಾನ್. ತಾತನ ಹೆಸರನ್ನು ಮೊಮ್ಮಗನಿಗೆ ಇಡದ ಮನೆಯನ್ನು ಅವಳು ಕಂಡಿರಲೇ ಇಲ್ಲ; ಗಂಡನ ಮನೆಯಲ್ಲೇ ಮೂರು ಜನ ಅಶ್ವತ್ಥಪ್ಪಂದಿರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಅಂದುಕೊಂಡಳು. ಆ ಸೀಮೆಯಲ್ಲಿ ಬೀದಿಗೆ ಹತ್ತು ಜನ ಜಾನ್ ಇರುತ್ತಾರೆ ಅನ್ನುವುದು ಈ ಮಹಾರಾಯ್ತಿಗೆ ಹೊಳೆಯಲೇ ಇಲ್ಲ. ಸಂತೋಷಕ್ಕೆ ಅತ್ತುಬಿಟ್ಟೆ ಎಂದು ಮುದುಕಿ ಉತ್ತರ ಬರೆದಿದ್ದಳು.

ಫೈಲು ಮುಚ್ಚುವ ಮೊದಲು ಕೊನೆಯ ಸಲ ನೋಡುವಾಗ ಕೈದಿಗಳ ಆಸ್ಪತ್ರೆಯ ಪುಟವೊಂದು ಸಿಕ್ಕಿತು. ಹುಡುಗ ಹಡಗಿಳಿದ ದಿನದ ರಿಜಿಸ್ಟರಿನಲ್ಲಿ, ಅವನ ಎಡತೋಳಿನ ಮೇಲೆ ತಾಯಿ ಹ್ಯಾನಾಳ ಹೆಸರಿನ ಹಚ್ಚೆ ಇತ್ತೆಂದು ಬರೆದಿದ್ದರು. ಆಸ್ಪತ್ರೆಯಲ್ಲಿ ಸತ್ತ ಹದಿನೇಳರ ಕೈದಿಗೂ ಅದೇ ತೋಳಿನ ಮೇಲೆ ಅದೇ ಹೆಸರಿನ ಹಚ್ಚೆ. ಕುರಿ ಸಾಕಿದವನು ಕುಡಿದು ಗಲಾಟೆ ಮಾಡಿ ಒಮ್ಮೆ ಜೈಲಿಗೆ ಹೋಗಿದ್ದ. ಅಲ್ಲಿಯವರು ಬರೆದದ್ದು: ಮೈಮೇಲೆ ಯಾವ ಗುರುತೂ ಇಲ್ಲ.

“ಲೇಸರ್ ಮಾಡಿಸ್ಕೊಂಡಿರ್ತಾನೆ, ಬಿಡ್ರೀ ಮೇಡಂ,” ಅಂದ ಟೀಮ್ ಲೀಡರ್ ಶರತ್.

“ಲೇಸರ್ರಾ? ಆಗ ಊರಲ್ಲಿ ಕರೆಂಟೇ ಇರ್ಲಿಲ್ಲ ಕಣ್ರೀ!”

“ಕ್ಲೈಂಟ್ ಖುಷಿಯಾಗಿದ್ದಾರಲ್ವಾ? ಸುಮ್ನೆ ಯಾಕೆ ಕೆದಕ್ತೀರಾ? ಕ್ಲೋಸ್ ಮಾಡಿ.”

ಮುಚ್ಚಲು ಕೈ ಬರಲಿಲ್ಲ. ಅವಳ ಅಜ್ಜಿ ಮುನಿಕೆಂಪಮ್ಮನಿಗೆ ಮೊಣಕೈವರೆಗೂ ಹಚ್ಚೆ. “ಸತ್ರೆ ವಡವೆ ಎಲ್ಲಾ ಬಿಚ್ಕೊಂತಾರೆ ಕಣೇ, ಜೊತ್ಗೆ ಬರೋದು ಅಚ್ಚೆ ಒಂದೇ,” ಅನ್ನುತ್ತಿದ್ದಳು ಅಜ್ಜಿ. ಆ ಹುಡುಗ ತಾಯಿಯ ಹೆಸರೊಂದನ್ನೇ ಹೊತ್ತುಕೊಂಡು ಹೋಗಿದ್ದ. ಅವನ ಜಾಗದಲ್ಲಿ ಯಾರೋ ಕುಡುಕನನ್ನು ಕೂರಿಸಿದೆನಲ್ಲ ಎಂದು ತನಗೇ ಬೈದುಕೊಂಡಳು.

ಶರತ್‌ನನ್ನು ಕೇಳದೆಯೇ ಮುದುಕಿಗೆ ಎಲ್ಲವನ್ನೂ ಬರೆದಳು. ತಪ್ಪು ನನ್ನದು ಎಂದೂ ಬರೆದಳು.

ಎರಡು ದಿನ ಬಿಟ್ಟು ಉತ್ತರ ಬಂತು. ಬೈಗುಳವಿರಲಿಲ್ಲ, ಬೈದಿದ್ದರೇ ವಾಸಿಯಿತ್ತು. ಒಂದೇ ಪ್ರಶ್ನೆ: ಕೊನೆಗಾಲದಲ್ಲಿ ಅವನ ಪಕ್ಕ ಯಾರಾದರೂ ಇದ್ದರೇ?

ಇದ್ದರು ಅಂತ ಬರೆದುಬಿಡಲೇ ಎಂದು ಮನಸ್ಸು ಹೊಯ್ದಾಡಿತು. ಪದ್ಮಶ್ರೀ ಆಸ್ಪತ್ರೆಯ ಪುಟವನ್ನು ಮತ್ತೆ ತೆರೆದಳು. ಶ್ವಾಸಕೋಶದ ಕಾಯಿಲೆ, ಹನ್ನೊಂದು ದಿನ, ಸಾವು. “ಯಾರ ಹೆಸರೂ ಇಲ್ಲಮ್ಮಾ,” ಎಂದು ಸ್ಕ್ರೀನಿಗೆ ಕನ್ನಡದಲ್ಲೇ ಹೇಳಿ, ಅದನ್ನೇ ಇಂಗ್ಲಿಷಿನಲ್ಲಿ ಟೈಪು ಮಾಡುತ್ತಾ, ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತಳು.