ಹಲ್ಲಿಗೆ ಕ್ಲಿಪ್ ಬಿದ್ದ ಚಳಿಗಾಲ

ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಓಣಿಯಲ್ಲಿ ಆಗಿನ್ನೂ ಉಬ್ಬು ಹಲ್ಲನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಕೆಲವರಿಗೆ ಗುಂಗುರು ಕೂದಲಿದ್ದಂತೆ ಕೆಲವರಿಗೆ ಉಬ್ಬು ಹಲ್ಲು, ಅಷ್ಟೇ. ನನಗೂ ಇದ್ದವು, ಅಪ್ಪನಿಗೂ ಇದ್ದವು. ಅಪ್ಪ ಟೇಲರ್. ಶಾಲೆ ಬಿಟ್ಟೊಡನೆ ನಾನು ಅವನ ಅಂಗಡಿಗೆ ಓಡಿ, ಹೊಸ ಬಟ್ಟೆಯ ಗಂಜಿ ವಾಸನೆಯ ನಡುವೆ ಕುಳಿತು ಚಿಂದಿಯಲ್ಲಿ ಗೊಂಬೆಗೆ ಲಂಗ ಹೊಲಿಯುತ್ತಿದ್ದೆ. ಗಿರಾಕಿಗಳು ನಮ್ಮಿಬ್ಬರ ಬಾಯಿ ನೋಡಿ, "ಮಗಳು ಥೇಟ್ ನಿಮ್ಮಂಗ ಅದಾಳ್ರಿ" ಎಂದರೆ ಅಪ್ಪ ಅಷ್ಟೂ ಹಲ್ಲು ಬಿಟ್ಟು ನಗುತ್ತಿದ್ದ.

"ನಮ್ಮನಿ ಹಲ್ರಿ ಅವು. ಅಕಿ ಎಲ್ಲಿ ಕಳದ್ರೂ ಮಂದಿ ತಂದು ನಮ್ಮನಿಗೇ ಬಿಡ್ತಾರ!"

ಹೀಗಾಗಿ ಶಾಲೆಯಲ್ಲಿ ಯಾರಾದರೂ "ಹಲ್ಲುಬ್ಬಿ" ಎಂದು ಕೂಗಿದರೆ, ಟೇಲರನ ಮಗಳು ಎಂದು ಕರೆದ ಹಾಗೆ ಓ ಎನ್ನುತ್ತಿದ್ದೆ.

ನಾನು ಏಳನೇ ಇಯತ್ತೆಯಲ್ಲಿದ್ದಾಗ, ದೀಪಾವಳಿ ಸೂಟಿಯಲ್ಲಿ, ಹುಳುಕು ಹಲ್ಲು ಇವೆಯೇನೋ ನೋಡಿಸೋಣ ಎಂದು ಅಪ್ಪ ನನ್ನನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ. ಅಲ್ಲಿ ಎಕ್ಸ್-ರೇ ತೆಗೆದರು. ಬಾಯಿಗೆ ಗುಲಾಬಿ ಬಣ್ಣದ ಹಿಟ್ಟಿನಂಥದನ್ನು ತುಂಬಿ ಅಚ್ಚು ತೆಗೆದುಕೊಂಡರು. ಎಲ್ಲರಿಗೂ ಹೀಗೇ ಮಾಡುತ್ತಾರೆ ಎಂದುಕೊಂಡು ಮರೆತೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ, "ಸವೀ, ಲಗೂ ತಯಾರಾಗು. ಟಿಕೋಟಾಕ್ಕ ಹೋಗೂನು. ನನ್ನ ದೋಸ್ತನ ತ್ವಾಟದಾಗ ದ್ರಾಕ್ಷಿ ಬಂದಾವಂತ" ಎಂದ. ಬಳ್ಳಿಯ ಕೆಳಗೆ ನಿಂತು ಗೊಂಚಲಿಗೆ ನೇರ ಬಾಯಿ ಹಾಕಿ ತಿನ್ನಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಸ್ಕೂಟರಿನ ಹಿಂದೆ ಕುಳಿತು, ಚಳಿಗೆ ಅವನ ಬೆನ್ನಿಗೆ ಕೆನ್ನೆ ಒತ್ತಿಕೊಂಡಿದ್ದೆ. ಸ್ಕೂಟರು ನಿಂತಿದ್ದು ಅದೇ ದವಾಖಾನೆಯ ಮುಂದೆ.

"ಸುಮ್ನ ಒಮ್ಮೆ ತೋರಿಸಿ ಹೋಗೂನು ಬಾ."

ತೋರಿಸುವುದಲ್ಲ. ಇಂಜೆಕ್ಷನ್ ಕೊಟ್ಟು, ಮೇಲಿನ ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಗಟ್ಟಿಮುಟ್ಟಾದ ಹಲ್ಲು ಕಿತ್ತರು. ನೋವಾಗಲಿಲ್ಲ; ಒಳಗೆ ಕರಕರ ಎಂದ ಸದ್ದು ಮಾತ್ರ ಕೇಳಿಸಿತು. ಹತ್ತಿ ಕಚ್ಚಿಕೊಂಡು ಅಳುತ್ತ ಕುಳಿತ ನನ್ನನ್ನು ನೋಡಿ ಡಾಕ್ಟರು, ಅವರಿನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು, ಗಾಬರಿಯಾದರು.

"ನಿಮ್ಮಪ್ಪ ನಿನಗ ಹೇಳಿಲ್ಲೇನು?"

ಇಲ್ಲ ಎಂದು ತಲೆಯಾಡಿಸಿದೆ. ಅವರು ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ.

ಡಾಕ್ಟರು ಸ್ಟೂಲು ಎಳೆದುಕೊಂಡು, ನನ್ನದೇ ಹಲ್ಲಿನ ಬಿಳಿಯ ಅಚ್ಚು ಕೈಗಿಟ್ಟರು. "ನೋಡು, ಇಲ್ಲಿ ಜಾಗಾ ಇಲ್ಲ, ಅದಕ್ಕ ಮುಂದ ಬಂದಾವ. ಈಗ ಜಾಗಾ ಮಾಡೀವಿ. ಮುಂದಿನ ವಾರ ಕ್ಲಿಪ್ ಹಾಕಿದ್ರ ತಂತಿ ಇವನ್ನ ಸಾವಕಾಶ ಹಿಂದಕ್ಕ ಎಳೀತದ. ಎರಡು ವರ್ಷಾದ್ರೂ ಬೇಕು. ಬಿಚ್ಚಿದ ಮ್ಯಾಲೂ ಮಲಗೂ ಮುಂದ ಒಂದು ಪ್ಲೇಟ್ ಹಾಕ್ಕೋಬೇಕು. ಇಲ್ಲಂದ್ರ ಹಲ್ಲು ಮತ್ತ ಹಳೇ ಜಾಗಾಕ್ಕ ಹೊಂಡ್ತಾವ."

ಆ ಇಡೀ ಪ್ರಕರಣದಲ್ಲಿ ನನ್ನೊಡನೆ ಇದ್ದದ್ದನ್ನು ಇದ್ದ ಹಾಗೆ ಮಾತಾಡಿದವರು ಅವರೊಬ್ಬರೇ. ಅವತ್ತು ನಾವು ಟಿಕೋಟಾಕ್ಕೆ ಹೋಗಲಿಲ್ಲ. ಅಪ್ಪ ಕೊಡಿಸಿದ ಐಸ್‌ಕ್ರೀಮು ನನ್ನ ಕೈಯಲ್ಲೇ ಕರಗಿತು.

ಕ್ಲಿಪ್ ಬಿದ್ದ ಮೇಲೆ ಬಾಯಿ ನನ್ನದಲ್ಲ ಎನ್ನಿಸುತ್ತಿತ್ತು. ತಂತಿ ಬಿಗಿ ಮಾಡಿಸಿಕೊಂಡು ಬಂದಾಗಲೆಲ್ಲ ಮೆತ್ತನ್ನ ಅನ್ನವೂ ಕಲ್ಲಾಗುತ್ತಿತ್ತು. ಕೆನ್ನೆಯೊಳಗೆ ಹುಣ್ಣಾಗಿ, ತಂತಿಯ ತುದಿಗೆ ಡಾಕ್ಟರು ಕೊಟ್ಟ ಮೇಣ ಮೆತ್ತಿಕೊಳ್ಳುತ್ತಿದ್ದೆ. ಖಡಕ್ ರೊಟ್ಟಿ ಇಲ್ಲ, ಶೇಂಗಾ ಇಲ್ಲ, ಕಬ್ಬಂತೂ ಇಲ್ಲವೇ ಇಲ್ಲ. ಅವ್ವ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೂಸಿಗೆ ಕೊಟ್ಟಂತೆ ಕೊಡುತ್ತಿದ್ದಳು.

ಕ್ಲಿಪ್ ಹಾಕಿದ ತಿಂಗಳೇ ಬಬಲೇಶ್ವರದಿಂದ ಅತ್ತಿ, ಅಂದರೆ ಅಪ್ಪನ ಅಕ್ಕ, ಸೀತನಿ ತಿನ್ನಲು ಹೊಲಕ್ಕೆ ಕರೆದಳು. ಎಳೆ ಜೋಳದ ತೆನೆಯನ್ನು ಸೆಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಚೀಲದಲ್ಲಿ ಹಾಕಿ ತಿಕ್ಕಿ, ಬಿಸಿಬಿಸಿ ಹಸಿರು ಕಾಳನ್ನು ಬೊಗಸೆಗೆ ಹಾಕಿದರು. ಜೊತೆಗೆ ಬೆಲ್ಲ, ಬೆಳ್ಳುಳ್ಳಿ ಚಟ್ನಿ. ಆಸೆ ತಡೆಯದೆ ಬಾಯಿಗೆ ಹಾಕಿದೆ. ಕಾಳು ತಂತಿಯ ಸಂದಿಗೆಲ್ಲ ಮೆತ್ತಿಕೊಂಡಿತು. ಅತ್ತಿಯ ಮಕ್ಕಳು ನಕ್ಕರೆಂದು ಒಣ ಜೋಳದ ದಂಟಿನ ಕಣಕಿ ಬಣವೆಯ ಹಿಂದೆ ಹೋಗಿ ಬಾಯಿ ಮುಕ್ಕಳಿಸುತ್ತಿದ್ದೆ. ಆಚೆ ಬದಿಗೆ ಅತ್ತಿ ಮತ್ತು ಅಪ್ಪ ಮಾತಾಡುತ್ತಿದ್ದರು.

"ಯಾಕೋ ತಮ್ಮಾ, ಕೂಸಿಗೆ ಇಷ್ಟ ತ್ರಾಸ ಕೊಟ್ಟಿ? ಛಂದ ಇದ್ಲಲ್ಲೋ."

"ಎಲ್ಲಿ ಛಂದಕ್ಕಾ? ಅಕಿಗೆ ಆ ಹಲ್ಲು ಬಂದಾಗಿಂದ ನನಗ ಅದೇ ಸಂಕಟ. ನನ್ನ ಬಾಯಿ ಯಾಕರ ಬಂತೋ ಅಕಿಗೆ. ನೋಡಾಕ ಆಗ್ತಿದ್ದಿಲ್ಲ ನನಗ."

ಹಲ್ಲು ಕಿತ್ತಾಗ ಆಗದ ನೋವು ಆಗ ಆಯಿತು. ಅಂಗಡಿಯಲ್ಲಿ ಅವನು ಅಷ್ಟು ದಿನ ನಕ್ಕ ನಗೆ ಯಾರಿಗಾಗಿ? ಆ ನಗೆಯನ್ನು ನಂಬಿಕೊಂಡು ಇಡೀ ಊರಿನ ಮುಂದೆ ಬಾಯಿ ತೆರೆದು ನಕ್ಕವಳು ನಾನು.

ವಾಪಸು ಬರುವಾಗ ಸ್ಕೂಟರಿನ ಮೇಲೆ ಕೇಳಿಯೇಬಿಟ್ಟೆ. "ಟಿಕೋಟಾ ಅಂತ ಯಾಕ ಸುಳ್ಳ ಹೇಳಿದಿ?"

ಅಪ್ಪ ಗಾಡಿ ನಿಧಾನ ಮಾಡಿದ. "ಖರೇ ಹೇಳಿದ್ರ ನೀ ಬರ್ತಿದ್ದಿಲ್ಲವ್ವಾ."

"ಬರ್ತಿದ್ದೆ."

"ನಿನ್ನ ಚಲೋದಕ್ಕ ಮಾಡೇನಿ."

ನಾನು ಅವನ ಸೊಂಟ ಬಿಟ್ಟು, ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದುಕೊಂಡು ವಿಜಯಪುರದವರೆಗೂ ಬಂದೆ. ಖರೆ ಹೇಳಿದ್ದರೆ ಬರುತ್ತಿದ್ದೆನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವನು ಕೇಳಬೇಕಿತ್ತು. ಮರುದಿನದಿಂದ ಶಾಲೆ ಬಿಟ್ಟ ಮೇಲೆ ನಾನು ಅಂಗಡಿಗೆ ಹೋಗದೆ ಸೀದಾ ಮನೆಗೆ ಬರತೊಡಗಿದೆ.

ಡಾಕ್ಟರು ಹೇಳಿದ ಹಾಗೆಯೇ ಆಯಿತು. ಒಂಬತ್ತನೇ ಇಯತ್ತೆ ಮುಗಿಯುವ ಹೊತ್ತಿಗೆ ಕ್ಲಿಪ್ ಬಿಚ್ಚಿದರು. ಅವ್ವ ಉಪ್ಪು ಮೆಣಸಿನಕಾಯಿ ನೀವಾಳಿಸಿ ದೃಷ್ಟಿ ತೆಗೆದಳು. ಅಪ್ಪ ಕಣ್ಣು ತುಂಬಿಕೊಂಡು, "ಇನ್ನ ನಿನಗ ಯಾರೂ ಏನೂ ಅನ್ನಂಗಿಲ್ಲ" ಎಂದ. ಅನ್ನಲೂ ಇಲ್ಲ.

ಈಗ ಸೊಲ್ಲಾಪುರದಲ್ಲಿದ್ದೇನೆ. ನನ್ನ ನಗೆಯನ್ನು ಜನ ಮೆಚ್ಚಿದಾಗ ಸಂತೋಷವೇ ಆಗುತ್ತದೆ. ಸಣ್ಣವನಿದ್ದಾಗ ಅಪ್ಪ ಆ ಹಲ್ಲಿಗಾಗಿ ಮಂದಿಯಿಂದ ಎಷ್ಟು ಅನ್ನಿಸಿಕೊಂಡಿದ್ದನೋ ಎಂಬುದೂ ಈಗ ಅರ್ಥವಾಗುತ್ತದೆ. ಅವನ ಮೇಲೆ ಸಿಟ್ಟಿಲ್ಲ. ಆದರೂ ಆ ಚಳಿಗಾಲದಲ್ಲಿ ಕಳೆದದ್ದು ಮರಳಿ ಬರಲಿಲ್ಲ. ಅಪ್ಪನಿಗೆ ಈಗ ಸಕ್ಕರೆ ಕಾಯಿಲೆ. ಫೋನು ಮಾಡಿದಾಗೆಲ್ಲ, "ಆರಾಮದೀನವ್ವಾ, ಏನೂ ಆಗಿಲ್ಲ ನನಗ" ಎನ್ನುತ್ತಾನೆ. ಹೂಂ ಅಪ್ಪಾ ಎಂದು ಇಡುತ್ತೇನೆ. ಇಟ್ಟ ಮೇಲೆ, ಅವನು ಅಂಗಡಿಗೆ ಹೋಗುವವರೆಗೂ ಕಾದು, ಅವ್ವನಿಗೆ ಫೋನು ಮಾಡಿ ಕೇಳುತ್ತೇನೆ:

"ಅಪ್ಪ ಹೇಳಿದ್ದು ಖರೇನಾ?"