ಓಣಿಯೆಲ್ಲ ಕೊಟ್ಟ ಉತ್ತರ

ಮನೆಯವರನ್ನು ಒಳಗೆ ಕೂರಿಸಿಕೊಂಡು, ಬೇರೆ ಯಾರೂ ಇಲ್ಲದಾಗಲೇ ಪ್ರಶ್ನೆ ಕೇಳಬೇಕು ಎಂದು ಸಮೀಕ್ಷೆಯ ತರಬೇತಿಯಲ್ಲಿ ನಮ್ಮ ತಲೆ ತಿಂದಿದ್ದರು. ನಾನು ನಾರಾಯಣಖೇಡದವಳು. ನಮ್ಮ ಕಡೆ ಯಾರ ಮನೆಯ ಮಾತು ನಾಲ್ಕು ಗೋಡೆಯೊಳಗೆ ಉಳಿದಿದೆ? ಒಂದು ಮನೆಗೆ ಹೊಸಬರು ಬಂದರೆ ಓಣಿಯವರೆಲ್ಲ ಬಂದು ಕೂರುತ್ತಾರೆ, ಕೇಳಿದ್ದಕ್ಕೆ ಎಲ್ಲರೂ ಸೇರಿ ಉತ್ತರ ಕೊಡುತ್ತಾರೆ. ನನಗೂ ಅದೇ ಅನುಕೂಲವಾಗಿತ್ತು. ಯಾರಾದರೂ ಸುಳ್ಳು ಹೇಳಿದರೆ ಪಕ್ಕದವರು ಅಲ್ಲೇ ತಿದ್ದುತ್ತಿದ್ದರು, ನನ್ನ ಕೆಲಸ ಬೇಗ ಮುಗಿಯುತ್ತಿತ್ತು. ಜಂಬವೂ ಇತ್ತು ಅನ್ನಿ. ನನ್ನ ಮುಂದೆ ಯಾರ ಸುಳ್ಳೂ ನಡೆಯುವುದಿಲ್ಲ ಎಂದುಕೊಂಡಿದ್ದೆ.

ಪೆದ್ದೆಮುಲ್ ಹತ್ತಿರದ ಆ ಹಳ್ಳಿಗೆ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಮನೆಮನೆಯಲ್ಲಿ ಏನು ಉಣ್ಣುತ್ತಾರೆ, ಯಾರಿಗೆ ಕಾಯಿಲೆ, ಏನು ಕೊರತೆ ಎಂದು ಕೇಳಿ ಟ್ಯಾಬಿನಲ್ಲಿ ತುಂಬಿಸುವುದು ನಮ್ಮ ಕೆಲಸ. ನಮ್ಮದು ಗಡಿ ಸೀಮೆ: ಪ್ರಶ್ನೆಗಳು ತೆಲುಗಿನಲ್ಲಿದ್ದವು, ಮಂದಿಯ ಮಾತು ಕನ್ನಡವಾದ್ದರಿಂದ ನಾನು ಕನ್ನಡದಲ್ಲಿ ಕೇಳುತ್ತಿದ್ದೆ. ಆ ಮನೆಯವರಿಗೆ ಒಂದಿಷ್ಟು ತೊಗರಿ ಹೊಲವಿತ್ತು. ಅದು ಸಾಲದೆಂದು ಗಂಡ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದ. ಅಂಗಳದಲ್ಲಿ ಕುಳಿತು ಟ್ಯಾಬ್ ತೆರೆಯುವಷ್ಟರಲ್ಲಿ ಹತ್ತು ಮಂದಿ ಸೇರಿದರು. ಗಂಡ ಹೆಂಡತಿ ನನ್ನ ಪಕ್ಕದಲ್ಲಿದ್ದರು; ಬಂದವರೆಲ್ಲ ನಮ್ಮ ಕಡೆ ಮುಖ ಮಾಡಿ, ಬೀದಿಗೆ ಬೆನ್ನು ಹಾಕಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಬೈಕ್ ನಿಲ್ಲಿಸಿ ಬೇಲಿಗೆ ಒರಗಿದ. ಅವನೂ ಓಣಿಯವನೇ ಇರಬೇಕೆಂದು ನಾನು ಸುಮ್ಮನಾದೆ.

"ಒಂದ್ ತಿಂಗಳಿಂದ ಮನ್ಯಾಗ ಯಾರಿಗರ ಕೆಮ್ಮು, ದಮ್ಮು ಅದೇನ್ರಿ?"

"ಯಾರಿಗೂ ಏನಿಲ್ರಿ," ಅಂದ ಗಂಡ. ಅವನ ಕಣ್ಣು ಬೀದಿಯ ಕಡೆಗಿತ್ತು. ಹೆಂಡತಿ ತಲೆ ತಗ್ಗಿಸಿದಳು.

ಸುಳ್ಳಿನ ವಾಸನೆ ನನಗೆ ಹತ್ತಿತು. "ಖರೇ ಹೇಳ್ರಿ ಅಣ್ಣಾ," ಎಂದು ದನಿ ಏರಿಸಿದೆ.

ಎದುರು ಮನೆಯ ಮುದುಕಿ ಕಿಸಕ್ಕೆಂದು ನಕ್ಕಳು. "ಏನಿಲ್ಲ ಅಂತಾನ ನೋಡು! ರಾತ್ರಿಯೆಲ್ಲಾ ಕೆಮ್ಮತಾನ್ರಿ, ನಮಗ ನಿದ್ದಿ ಇಲ್ಲ."

"ಮೊನ್ನಿ ರಕ್ತ ಬೇರೆ ಬಿದ್ದದ," ಅಂದಳು ನನ್ನ ಮುಂದೆಯೇ ಕೂತಿದ್ದ ಹೆಂಗಸು.

ಗೆದ್ದವಳಂತೆ 'ಇದೆ' ಎಂಬುದನ್ನು ಒತ್ತಿದೆ.

ಬೇಲಿಗೆ ಒರಗಿದ್ದವನು ಅಂಗಳಕ್ಕೆ ಬಂದ. "ಯಾವಾಗಿಂದ ಕೆಮ್ಮು?" ಎಂದು ಗಂಡನನ್ನು ಕೇಳಿದ. ಎಲ್ಲರೂ ತಿರುಗಿ ನೋಡಿದರು. ಮುಂದೆ ಕೂತಿದ್ದ ಹೆಂಗಸು ನನಗೆ ಮೆಲ್ಲಗೆ ಅಂದಳು: "ಯವ್ವಾ, ಕಾರ್ಖಾನಿ ಮೇಸ್ತ್ರಿ. ನಾಳಿನ ಕೆಲಸಕ್ಕ ಮಂದಿಗೆ ಹೇಳಾಕ ಬಂದಾನ. ಕೆಮ್ಮೋರಿಗಿ ಇಟ್ಕೊಳ್ಳಂಗಿಲ್ರಿ. ನನ್ನ ಗಂಡಗೂ ಹಂಗೇ ಮನಿಗಿ ಕಳಿಸ್ಯಾನ."

ತಟ್ಟನೆ ಟ್ಯಾಬಿನ ಪರದೆಗೆ ಅಂಗೈ ಮುಚ್ಚಿದೆ.

"ನೆಗಡಿ ಆಗ್ಯಾದ್ರಿ, ಅಷ್ಟೇ," ಅಂದ ಗಂಡ.

"ಹೌದ್ರಿ, ನಾನೂ ಇಲ್ಲಂತೇ ಬರಕೊಂಡೀನಿ," ಎಂದು ಯಾರೂ ಕೇಳದಿದ್ದರೂ ಬಾಯಿ ಹಾಕಿದೆ. ಮೇಸ್ತ್ರಿ ನನ್ನ ಕಡೆ ತಿರುಗಲೂ ಇಲ್ಲ. ಬಚ್ಚಲಿಗೆ ಹಾಸಲು ತಂದಿದ್ದ ಫರಸಿ ಕಲ್ಲು ಗೋಡೆಗೆ ಆತು ನಿಂತಿತ್ತು. ಅದನ್ನು ತೋರಿಸಿ, "ಎತ್ಕೊಂಡು ಬಚ್ಚಲತನಕ ಹೋಗು, ನೋಡ್ತೀನಿ," ಅಂದ.

ಒಬ್ಬನೇ ಎತ್ತುವ ಕಲ್ಲಲ್ಲ ಅದು. ಗಂಡ ಬಗ್ಗಿ, ಎದೆಗೆ ಅವುಚಿಕೊಂಡು ಎದ್ದ. ಬಚ್ಚಲಿಗೆ ಇಪ್ಪತ್ತು ಹೆಜ್ಜೆ ಇದ್ದೀತು. ಅರ್ಧ ದಾರಿಯಲ್ಲಿ ಅವನ ಎದೆ ಒಮ್ಮೆ ಅದುರಿತು. ನಿಂತ. ತುಟಿ ಕಚ್ಚಿಕೊಂಡು ಮತ್ತೆ ನಡೆದ. ಮುದುಕಿ ತನಗೇ ಕೆಮ್ಮು ಬಂದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಅವನು ಕಲ್ಲನ್ನು ಸದ್ದಾಗದಂತೆ ಇಳಿಸಿ ನೆಟ್ಟಗೆ ನಿಂತ. ಮುಖ ಕಪ್ಪಿಟ್ಟಿತ್ತು, ಬಾಯಿ ಮುಚ್ಚಿಯೇ ಇತ್ತು.

"ನಾಳಿ ಎಷ್ಟಕ್ಕ ಬರ್ತಿ?"

ಉತ್ತರ ಹೇಳಲು ಬಾಯಿ ತೆರೆದರೆ ಮುಗಿಯಿತು. ಮೇಸ್ತ್ರಿಗೂ ಅದು ಗೊತ್ತಿತ್ತು.

"ಎಂಟಕ್ಕ ಬರ್ತಾರ್ರಿ," ಅಂದಳು ಹೆಂಡತಿ, ನಡುವೆ ಬಂದು ನಿಂತು.

ಮೇಸ್ತ್ರಿ ಇಬ್ಬರನ್ನೂ ಒಂದು ಗಳಿಗೆ ನೋಡಿದ. "ಹ್ಞೂಂ" ಎಂದು ಬೈಕ್ ಹತ್ತಿದ. ಅದರ ಸದ್ದು ತಿರುವು ದಾಟುವವರೆಗೂ ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಆಮೇಲೆ ಗಂಡ ಕುಸಿದು ಕುಳಿತು ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ಹೆಂಡತಿ ಬೆನ್ನು ನೀವುತ್ತಿದ್ದಳು. ಓಣಿಯವರು ಒಬ್ಬೊಬ್ಬರಾಗಿ ಎದ್ದು ಹೋದರು.

ನನಗೆ ನಾಚಿಕೆಯಿಂದ ಸಾಯುವಂತಾಗಿತ್ತು. ಏನು ಮಾಡಬೇಕೆಂದು ತೋಚದೆ ಟ್ಯಾಬಿನ ಕಡೆ ನೋಡಿದೆ. ನನ್ನ ಹಾಳು ಬಾಯಿ ರೂಢಿಯಂತೆ ಮುಂದಿನ ಪ್ರಶ್ನೆ ಓದಿಯೇಬಿಟ್ಟಿತು:

"ಸದ್ಯ ಈ ಮನಿಗಿ ಎಲ್ಲಾಕಿಂತ ಮೊದಲ ಏನ್ ಬೇಕ್ರಿ?"

ಅವಳು ಗಂಡನ ಬೆನ್ನಿನಿಂದ ಕೈ ತೆಗೆಯದೆ ನನ್ನತ್ತ ನೋಡಿದಳು.

"ನೀವು ಎದ್ದು ಹೋಗಬೇಕ್ರಿ ಅಕ್ಕಾ."