ಎಡಗಾಲು ಮುಂದೆ

ಮೂಡಲಗಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವುದು ನನ್ನ ಕೆಲಸ. ಆರು ವರ್ಷಗಳ ಹಿಂದೆ ಒಂದು ಸಂಜೆ ಸ್ಕೂಟರ್ ಮೇಲೆ ಮನೆಗೆ ಹೊರಟವಳು, ಎದುರಿಗೆ ಬಂದ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ರಸ್ತೆಯ ಅಂಚಿಗೆ ಇಳಿದೆ. ಅಲ್ಲಿ ಮಣ್ಣು ಸಡಿಲವಾಗಿತ್ತು. ಸ್ಕೂಟರ್ ನನ್ನ ಎಡಗಾಲಿನ ಮೇಲೆಯೇ ಮಗುಚಿತು. ಪಾದದ ಕೀಲು ಚೂರುಚೂರಾಗಿತ್ತು. ಎರಡು ಶಸ್ತ್ರಚಿಕಿತ್ಸೆ ಮಾಡಿ ನೋಡಿದ ಡಾಕ್ಟರು, ಕೊನೆಗೆ ಪಟ್ಟಿ, ಸ್ಕ್ರೂ ಹಾಕಿ ಆ ಕೀಲನ್ನು ಶಾಶ್ವತವಾಗಿ ಕೂಡಿಸಿಬಿಟ್ಟರು. ನೋವು ಹೋಯಿತು, ಅದರ ಜೊತೆಗೆ ಪಾದದ ಚಲನೆಯೂ ಹೋಯಿತು. ಈಗ ನನ್ನ ಎಡಪಾದ ಮೇಲಕ್ಕೂ ಬಾಗುವುದಿಲ್ಲ, ಕೆಳಕ್ಕೂ ಬಾಗುವುದಿಲ್ಲ. ಹಿಮ್ಮಡಿ ನೆಲಕ್ಕೆ ಪೂರ್ತಿ ತಾಗದೆ ತುಸು ಮೇಲೆಯೇ ಉಳಿದಿದೆ. ಎಡ ಚಪ್ಪಲಿಯ ಹಿಂಬದಿಗೆ ಒಂದು ಪದರ ರಬ್ಬರು ಹೆಚ್ಚಿಗೆ ಅಂಟಿಸಿಕೊಂಡು ನಡೆಯುತ್ತೇನೆ.

ಕುಂಟುವುದಕ್ಕೆ ನಾನು ಬೇಗ ಹೊಂದಿಕೊಂಡೆ. ಹೊಂದಿಕೊಳ್ಳಲು ಆಗದೇ ಇದ್ದದ್ದು ಜನರ ಕಾಳಜಿಗೆ. ಆಸ್ಪತ್ರೆಯಲ್ಲಿ ನಾನು ಎರಡು ನಿಮಿಷ ನಿಂತರೆ ಯಾರಾದರೂ ಕುರ್ಚಿ ತಂದಿಡುತ್ತಿದ್ದರು. ಬಸ್ಸಿನಲ್ಲಿ ನನಗಿಂತ ವಯಸ್ಸಾದ ಹೆಂಗಸರು ಎದ್ದು ಸೀಟು ಬಿಡುತ್ತಿದ್ದರು. ನನಗಾಗ ನಲವತ್ತೊಂದು ವರ್ಷ.

ನನ್ನ ಅಕ್ಕನ ಮನೆ ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಡ್ಯಾಮಿನ ಹಿನ್ನೀರಿಗೆ ಹತ್ತಿದ ಹಳ್ಳಿಯಲ್ಲಿದೆ. ಅವಳ ಗಂಡನನ್ನು ನಾನು ಮಾಮಾ ಅನ್ನುತ್ತೇನೆ. ಅವರು ಇಪ್ಪತ್ತು ವರ್ಷ ಗೋವಾದಲ್ಲಿ ಬೋಟು ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟು ಊರಿಗೆ ಮರಳುವಾಗ ಲಾರಿಯ ಮೇಲೆ ಒಂದು ಹಳೆಯ ಬೋಟನ್ನು ಹೇರಿಕೊಂಡು ಬಂದರು. ಜೊತೆಗೆ ಎದೆಯೆತ್ತರದ ಒಂದು ನೀಲಿ ಬೋರ್ಡ್ ಕೂಡ ಇತ್ತು.

"ಈ ಬೋಟು ಓಡಿದರ ಹಿಂದ ದೊಡ್ಡ ತೆರಿ ಏಳತೈತಿ," ಎಂದು ಮಾಮಾ ನನಗೆ ತಿಳಿಸಿ ಹೇಳಿದರು. "ಮೊದಲ ಹಗ್ಗ ಹಿಡಕೊಂಡು ಬೋರ್ಡಿನ ಮ್ಯಾಲ ನಿಂದರಬೇಕು. ಆಮ್ಯಾಲ ಹಗ್ಗ ಬಿಟ್ಟು ಬಿಡಬೇಕು. ಅಲ್ಲಿಂದ ಮುಂದ ನಿನ್ನ ಬೋಟು ಎಳ್ಯೂದಿಲ್ಲ, ಆ ತೆರೀನ ನೂಕತೈತಿ."

ಇದಕ್ಕೆ ವೇಕ್‌ಸರ್ಫಿಂಗ್ ಅನ್ನುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು. ಹಿಂದೆ ಎಂಜಿನ್ ತೂಗುಬಿದ್ದ ಬೋಟಿನಲ್ಲಿ ಇದನ್ನು ಮಾಡಬಾರದಂತೆ. ಬಿದ್ದವರಿಗೆ ಎಂಜಿನ್ನಿನ ತಿರುಗುವ ಪಂಕಾ ಬಡಿಯುತ್ತದೆ. ಈ ಬೋಟಿನ ಎಂಜಿನ್ ಹೊಟ್ಟೆಯೊಳಗಿತ್ತು, ಪಂಕಾ ತಳದ ಅಡಿಗೆ ಮುಂದಕ್ಕಿತ್ತು. ಮಾಮಾ ಓಡಾಡಿ ಅನುಮತಿ ಪಡೆದು, ಬಂದವರಿಗೆ ಈ ಆಟ ಕಲಿಸಬೇಕೆಂದಿದ್ದರು. ಅದಕ್ಕೆ ಮೊದಲು ತೆರೆ ಹೇಗೆ ಏಳುತ್ತದೆ ಎಂದು ಮನೆಯವರೇ ಯಾರಾದರೂ ನಿಂತು ನೋಡಬೇಕಾಗಿತ್ತು. ಬೋಟು ನಡೆಸುವವರು ಅವರೊಬ್ಬರೇ. ಅಕ್ಕನಿಗೆ ನೀರೆಂದರೆ ಅಂಜಿಕೆ. ನಾನು ಚಿಕ್ಕವಳಿದ್ದಾಗ ಕಾಲುವೆಯಲ್ಲಿ ಈಜು ಕಲಿತಿದ್ದೆ.

"ಇರೂದು ಒಂದ ನೆಟ್ಟಗಿನ ಕಾಲು. ಅದನ್ನೂ ಮುರಿಸಿ ಕಳಸ್ತೀರೇನ್ರಿ ನನ್ನ ತಂಗೀನ?" ಎಂದು ಅಕ್ಕ ಗಂಡನ ಮೇಲೆ ರೇಗಿದಳು.

ನಾನು ಒಪ್ಪಿಕೊಂಡೆ. ಧೈರ್ಯ ಅಂತಲ್ಲ. ಕತ್ತಿನವರೆಗೆ ನೀರಿನಲ್ಲಿದ್ದರೆ ನಾನು ಕುಂಟಿ ಎಂದು ಯಾರಿಗೂ ಗೊತ್ತಾಗುವುದಿಲ್ಲ, ನನಗೂ ಮರೆತುಹೋಗುತ್ತದೆ.

ಮೊದಲ ಭಾನುವಾರ ಅಕ್ಕ ಬುದ್ಧವಂದನೆ ಮುಗಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು, ಗಂಡನ ಮೇಲಿನ ನಂಬಿಕೆ ಸಾಲದೆ ತಾನೂ ಬೋಟು ಹತ್ತಿದಳು. ಮಾಮಾ ಅವಳನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದರು. ಬೋಟು ನಡೆಸುವವನು ಮುಂದೆ ನೋಡಬೇಕು, ಇನ್ನೊಬ್ಬರು ಬೋರ್ಡಿನ ಮೇಲಿನವರನ್ನು ನೋಡುತ್ತಿರಬೇಕು, ಅದು ನಿಯಮ. ಮೀನುಗಾರರು ಬಲೆ ಎತ್ತಿಕೊಂಡು ಹೋದ ಮೇಲೆಯೇ ನಾವು ನೀರಿಗಿಳಿದೆವು.

ತೆರೆ ಎತ್ತರವಾಗಬೇಕಾದರೆ ಬೋಟು ಒಂದು ಮಗ್ಗುಲಿಗೆ ವಾಲಬೇಕು. ಎಡಗಾಲು ಮುಂದಿಟ್ಟು ನಿಲ್ಲುವವರಿಗೆ ಬೋಟಿನ ಎಡಬದಿಯ ತೆರೆ, ಬಲಗಾಲು ಮುಂದಿಡುವವರಿಗೆ ಬಲಬದಿಯದು. ಹಾಗೆ ನಿಂತಾಗಲೇ ತೆರೆ ಎದೆಯ ಮುಂದಿರುತ್ತದೆ. ಗಟ್ಟಿ ಕಾಲು ಮುಂದಿರಲಿ ಎಂದು ಮಾಮಾ ಲೆಕ್ಕ ಹಾಕಿ, ಹನ್ನೆರಡು ದೊಡ್ಡ ಕ್ಯಾನುಗಳಲ್ಲಿ ನೀರು ತುಂಬಿ ಬಲಗಡೆ ಹಿಂದಿನ ಮೂಲೆಗೆ ಪೇರಿಸಿದರು. ನನಗೂ ಅದೇ ಸರಿ ಕಂಡಿತು.

ನೀರಿನಲ್ಲಿ ಅಂಗಾತ ತೇಲಿ, ಮಂಡಿ ಎದೆಗೆ ತಂದು, ಎರಡೂ ಹಿಮ್ಮಡಿಗಳನ್ನು ಬೋರ್ಡಿನ ಮೇಲಿಟ್ಟುಕೊಂಡೆ. ಕೈಯಲ್ಲಿ ಹಗ್ಗದ ಹಿಡಿಕೆ. ಬೋಟು ನಿಧಾನ ಹೊರಟಿತು.

"ನೀ ಜಗ್ಗಬ್ಯಾಡ, ಬೋಟು ಜಗ್ಗಲಿ!" ಎಂದು ಮಾಮಾ ಮುಂದಿನಿಂದ ಕೂಗಿದರು.

ನಾನು ಜಗ್ಗಿದೆ. ಮುಖ ಅಡಿಯಾಗಿ ಬಿದ್ದೆ. ಎರಡನೆಯ ಸಲ ಅವಸರದಿಂದ ಎದ್ದು ಹಿಂದಕ್ಕೆ ಬಿದ್ದೆ. ಐದನೆಯದೋ ಆರನೆಯದೋ ಸಲ ಸುಮ್ಮನೆ ಕುಕ್ಕರುಗಾಲಿನಲ್ಲಿ ಕೂತಿದ್ದಾಗ, ನೀರೇ ಬೋರ್ಡನ್ನು ಎತ್ತಿ ನನ್ನ ಪಾದಕ್ಕೆ ಕೊಟ್ಟಂತಾಯಿತು. ಎದ್ದು ನಿಂತೆ. ಅಕ್ಕ ಕೈ ಮೇಲೆತ್ತಿದ್ದು ಕಂಡಿತು. ಮರುಕ್ಷಣ ಬೋರ್ಡಿನ ಹಿಂದಿನ ತುದಿ ಜಾರಿ, ಮತ್ತೆ ನೀರಿನೊಳಗಿದ್ದೆ.

ಮೂರು ಭಾನುವಾರ ಹೀಗೆಯೇ ಆಯಿತು. ಏಳುವುದು ಬಂತು, ನಿಲ್ಲುವುದು ಬರಲಿಲ್ಲ. ಪ್ರತಿ ಸಲವೂ ಹಿಂದಿನ ಕಾಲೇ ಕೈಕೊಡುತ್ತಿತ್ತು. ಮೂಗಿನಲ್ಲಿ ನೀರು, ಸೋಮವಾರ ಮೆಟ್ಟಿಲು ಹತ್ತಲಾಗದಷ್ಟು ತೊಡೆನೋವು. ಇದರ ನಡುವೆ ದಂಡೆಯ ಕಲ್ಲಿನ ಮೇಲೆ ಬೋರ್ಡ್ ಎಳೆಯುವಾಗ ಅದರ ಕೆಳಗಿನ ಫಿನ್ ಕೂಡ ಮುರಿಯಿತು. ಫಿನ್ ಎಂದರೆ ಬೋರ್ಡಿನ ಅಡಿಯಲ್ಲಿ ಹಿಂಬದಿಗಿರುವ, ಮೀನಿನ ರೆಕ್ಕೆಯಂಥ ತುಂಡು. ಅಲ್ಲಿ ಮೂರಿದ್ದವು; ಮುರಿದದ್ದು ನಡುವಿನ ದೊಡ್ಡದು.

ಮಾಮಾ ಮುರಿದ ತುಂಡನ್ನು ಕೈಯಲ್ಲಿ ತಿರುಗಿಸುತ್ತ, ನನ್ನ ಮುಖ ನೋಡದೆ ಹೇಳಿದರು, "ಸಾಕ ಮಾಡೂಣ, ತಂಗಿ. ನಿನ್ನ ಕಾಲಿಗೆ ಇದು ಆಗೂದಲ್ಲ."

ಅವರು ಬೇಸರದಿಂದ ಹೇಳಿದ್ದಲ್ಲ, ಮೆತ್ತಗೆ ಹೇಳಿದರು. ಅದೇ ನನಗೆ ಹೆಚ್ಚು ಚುಚ್ಚಿತು. ಊಟ ಮಾಡದೆ ಮೂಡಲಗಿಯ ಬಸ್ಸು ಹಿಡಿದೆ.

ಎರಡು ದಿನದ ಮೇಲೆ, ಹೊಲದ ಬದುವಿನಲ್ಲಿ ಕಾಲು ಹೊರಳಿಸಿಕೊಂಡ ಒಬ್ಬ ರೈತರು ಎಕ್ಸ್‌-ರೇಗೆ ಬಂದರು. ಮೇಜಿನ ಮೇಲೆ ಅವರ ಪಾದ ಹೊಂದಿಸುತ್ತ, "ಪಾದ ಮ್ಯಾಲ ಎತ್ರಿ... ಈಗ ಕೆಳಗ ಒತ್ರಿ," ಎಂದೆ. ಅವರು ಒತ್ತಿದರು. ಬೆರಳು ಕೆಳಗಾದವು, ಹಿಮ್ಮಡಿ ಮೇಲಾಯಿತು. ದಿನಕ್ಕೆ ನಾಲ್ಕಾರು ಸಲ ನೋಡುವ ಕೆಲಸವೇ. ಆದರೆ ಆವತ್ತು ನಾನು ಅವರ ಪಾದವನ್ನೇ ನೋಡುತ್ತ ನಿಂತೆ. ಬೋರ್ಡಿನ ಮೇಲೆ ಹಿಂದಿನ ಕಾಲು ಮಾಡಬೇಕಾದದ್ದು ಇದನ್ನೇ. ಒತ್ತುವುದು, ಸಡಿಲಿಸುವುದು, ಹೊರಳಿಸುವುದು ಎಲ್ಲ ಹಿಂದಿನ ಪಾದದ ಕೆಲಸ. ಮುಂದಿನದು ಗಟ್ಟಿಯಾಗಿ ನಿಂತರೆ ಬಹುಮಟ್ಟಿಗೆ ಸಾಕು. ನಾವು ಬಾಗದ ಪಾದವನ್ನು ಬಾಗಬೇಕಾದ ಕಡೆಗೆ ಇಟ್ಟಿದ್ದೆವು.

ಮನೆಗೆ ಹೋಗಿ ಅಡುಗೆಮನೆಯ ನೆಲದ ಮೇಲೆ ಬರಿಗಾಲಿನಲ್ಲಿ ಎರಡೂ ರೀತಿ ನಿಂತು ನೋಡಿದೆ. ಆಮೇಲೆ ಮಾಮಾಗೆ ಫೋನ್ ಮಾಡಿದೆ.

"ಮಾಮಾ, ಎಡಗಾಲ ಮುಂದ ಇಟ್ಟ ನೋಡೂಣ್ರಿ."

"ಅಲ್ಲವಾ, ಪೆಟ್ಟು ಬಿದ್ದ ಕಾಲಿನ ಮ್ಯಾಲ ಭಾರ ಹಾಕ್ತಿ ಏನ?"

"ಭಾರ ಹೊರಾಕ ಅದಕ್ಕೇನೂ ತ್ರಾಸಿಲ್ರಿ. ಬಾಗಾಕ ಅಷ್ಟ ಬರೂದಿಲ್ಲ."

"ಖರೆ ಐತಿ," ಎಂದರು ಮಾಮಾ. ಆಮೇಲೆ ಲೆಕ್ಕ ಹಾಕಿ, "ಹಂಗಾದರ ಅಷ್ಟೂ ಕ್ಯಾನ ಎಡಕ್ಕ ಹಾಕಬೇಕಾಗತೈತಿ. ಬೋರ್ಡಿಗೆ ಫಿನ್ನೂ ಇಲ್ಲ."

ಫಿನ್ ಬೇರೆ ಊರಿಂದ ತರಿಸಲು ತಿಂಗಳಾದರೂ ಬೇಕಿತ್ತು. ಶನಿವಾರ ನಾನು ಮುರಿದ ತುಂಡು ಹಿಡಿದು ಗೋಕಾಕದಲ್ಲಿ ಇಳಿದೆ. ಅಲ್ಲಿ ಕಟ್ಟಿಗೆಯ ಹಣ್ಣು, ಗೊಂಬೆ ಮಾಡುವ ಮನೆಗಳಿವೆ. ಅಂಥ ಒಂದು ಮನೆಯ ಕಟ್ಟೆಯ ಮೇಲೆ, ಬಣ್ಣ ಹಚ್ಚದ ಸೀತಾಫಲಗಳ ನಡುವೆ ಕೂತಿದ್ದ ಹಿರಿಯರೊಬ್ಬರಿಗೆ ತುಂಡನ್ನು ತೋರಿಸಿದೆ. ಅವರು ಚಷ್ಮಾ ಹಣೆಗೇರಿಸಿ ನೋಡಿದರು.

"ಇದು ಮೀನಿನ ರೆಕ್ಕಿ ಆದಂಗ ಐತಲ್ಲವಾ. ಮೀನ ಎಷ್ಟ ದೊಡ್ಡದು?"

"ಮೀನ ನಾನರಿ," ಎಂದೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿ, ಕಾಲು ಹೇಗೆ ನಿಲ್ಲುತ್ತದೆ, ನೀರು ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿದರು. "ಗೊಂಬಿ ಮಾಡೂ ಹಗೂರ ಕಟ್ಟಿಗಿ ಆಗೂದಿಲ್ಲ, ಅದು ನೀರ ಕುಡಿತೈತಿ. ಸಾಗವಾನಿ ಬೇಕು. ಮತ್ತ ಇದಕಿಂತ ಒಂದ ಬಟ್ಟ ಉದ್ದ ಮಾಡ್ತೇನಿ. ಜಾರತೈತಿ ಅಂತೀರಲ್ಲ."

ಮಧ್ಯಾಹ್ನದ ಹೊತ್ತಿಗೆ ಫಿನ್ ತಯಾರಾಯಿತು. ಅಂಚು ತೆಳ್ಳಗೆ, ಮೈ ನುಣ್ಣಗೆ, ಮೇಲೆ ಮೆರುಗೆಣ್ಣೆ. ಬುಡದಲ್ಲಿ ಬೋರ್ಡಿನ ಅಡಿಯ ಸಂದಿಗೆ ಕೂರುವಂತೆ ಹಳೆಯ ತುಂಡಿನ ಅಳತೆಗೆ ಸರಿಯಾಗಿ ಕೆತ್ತಿದ್ದರು.

ನಾಲ್ಕನೆಯ ಭಾನುವಾರ ನಾನೂ ಮಾಮಾನೂ ಕ್ಯಾನುಗಳನ್ನು ಎಡಕ್ಕೆ ಸಾಗಿಸಿದೆವು. ಅಕ್ಕನೂ ಎಡಕ್ಕೇ ಜರುಗಿ ಕೂತಳು. ಅವಳ ತೂಕವೂ ಲೆಕ್ಕಕ್ಕೆ ಬಂತು. ಮೊದಲನೆಯ ಸಲಕ್ಕೇ ಎದ್ದು ನಿಂತೆ, ಬೀಳಲಿಲ್ಲ. ಕಣ್ಣಮುಂದೆ ತೆರೆ ಏಳುತ್ತಿತ್ತು, ಹಸಿರು, ಗಾಜಿನಂತೆ. ಬಲಗಾಲು ಒತ್ತಿದರೆ ಬೋರ್ಡ್ ನಿಧಾನವಾಗುತ್ತಿತ್ತು, ಎಡಗಾಲಿಗೆ ಭಾರ ಬಿಟ್ಟರೆ ಮುಂದೆ ಓಡುತ್ತಿತ್ತು. ಆದರೆ ಇನ್ನೊಂದು ತೊಡಕು. ಹೊಸ ಫಿನ್ ಎಷ್ಟು ಗಟ್ಟಿಯಾಗಿ ನೀರು ಹಿಡಿಯಿತೆಂದರೆ ಬೋರ್ಡ್ ರೈಲಿನಂತೆ ನೇರ ಹೋಗುತ್ತಿತ್ತು, ತಿರುಗುತ್ತಲೇ ಇರಲಿಲ್ಲ. ತೆರೆಯೊಳಕ್ಕೆ ಹೊರಳಲಾಗದೆ ನಾನು ಹಗ್ಗದ ತುದಿಯಲ್ಲೇ ಉಳಿದೆ.

ಆವತ್ತಿನಿಂದ ಎರಡು ವಾರ ನಮ್ಮ ಕೆಲಸ ಉಜ್ಜುವುದು, ನೋಡುವುದು. ಉಜ್ಜುಕಾಗದದಿಂದ ಫಿನ್ನಿನ ತುದಿ ತುಸು ಸವೆಸಿ ನೀರಿಗಿಳಿಯುತ್ತಿದ್ದೆ, ಬಂದು ಮತ್ತೆ ಸವೆಸುತ್ತಿದ್ದೆ. ಮಾಮಾ ಹೆಚ್ಚು ಸವೆಸಲು ಬಿಡುತ್ತಿರಲಿಲ್ಲ. "ತಗದದ್ದು ತಿರುಗಿ ಹಚ್ಚಾಕ ಬರೂದಿಲ್ಲ, ಸಾವಕಾಶ," ಅನ್ನುತ್ತಿದ್ದರು. ಬೋರ್ಡಿನ ಮೇಲೆ ಎಡಪಾದದ ಜಾಗ ಗೊತ್ತಾಗಲೆಂದು ಅಕ್ಕ ಅದರ ಸುತ್ತ ಕೆಂಪು ಉಗುರುಬಣ್ಣದಿಂದ ಗೆರೆ ಎಳೆದಳು. ಆ ಗೆರೆಯೊಳಗೆ ಹಿಮ್ಮಡಿ ಬರುವ ಕಡೆ, ಹಳೆಯ ಚಪ್ಪಲಿಯಿಂದ ಕೊಯ್ದ ರಬ್ಬರಿನ ಓರೆ ತುಂಡನ್ನು ಅಂಟಿಸಿದೆ. ನೆಲದ ಮೇಲೆ ನನಗೆ ಬೇಕಾದದ್ದು ನೀರಿನ ಮೇಲೂ ಬೇಕೆಂದು ಯಾಕೆ ಮೊದಲೇ ಹೊಳೆಯಲಿಲ್ಲವೋ. ರಬ್ಬರು ಹಾಕಿದ ಮೇಲೆ ಮಂಡಿ ತಾನಾಗಿ ಬಾಗಿತು, ಸೊಂಟ ನೆಟ್ಟಗಾಯಿತು.

ಆರನೆಯ ಭಾನುವಾರ ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ನಾನು ಎದ್ದು, ಹಗ್ಗವನ್ನು ಮೊಳಮೊಳ ಹಿಡಿದು ಬೋಟಿನ ಹತ್ತಿರಕ್ಕೆ ಸರಿದೆ. ಒಂದು ಜಾಗಕ್ಕೆ ಬಂದಾಗ ಕೈಯಲ್ಲಿದ್ದ ಹಗ್ಗ ಸಡಿಲಾಗಿ ಜೋಲಿತು. ಬೋಟು ನನ್ನನ್ನು ಎಳೆಯುತ್ತಿರಲಿಲ್ಲ.

"ಹಗ್ಗ ಸಡ್ಲ ಆಗೇತಿ!" ಅಕ್ಕ ಕೂಗಿದಳು. "ಬಿಡು ಅನ್ನಲೇನ್ರಿ ಅಕಿಗೆ?"

"ಬಿಡಂತ ಹೇಳು!" ಎಂದರು ಮಾಮಾ, ತಿರುಗದೆ.

ಬೆರಳು ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ನಿಜ ಹೇಳಬೇಕೆಂದರೆ ಬೀಳುವ ಭಯವಿರಲಿಲ್ಲ, ಅಷ್ಟೊತ್ತಿಗೆ ನೂರು ಸಲ ಬಿದ್ದಾಗಿತ್ತು. ಬಿಟ್ಟ ಮೇಲೆ ಆಗದಿದ್ದರೆ, ಮಾಮಾ ಹೇಳಿದ್ದೇ ಸರಿ ಎಂದು ಒಪ್ಪಬೇಕಾಗುತ್ತದಲ್ಲ, ಆ ಭಯ. ಅಕ್ಕ ಹಿಡಿಕೆಗಾಗಿ ಎರಡೂ ಕೈ ಚಾಚಿದ್ದಳು. ಅವಳ ಕಡೆಗೆ ಎಸೆದೆ.

ನಾನು ಬೀಳಲಿಲ್ಲ. ತೆರೆ ಹಿಂದಿನಿಂದ ಬೋರ್ಡನ್ನು ನೂಕುತ್ತಿತ್ತು, ಯಾರೋ ಅಂಗೈ ಇಟ್ಟು ದಬ್ಬಿದಂತೆ. ಎಂಜಿನ್ನಿನ ಸದ್ದಿನ ಮೇಲೆ ಅಕ್ಕನ ಎಣಿಕೆ ಕೇಳಿಸುತ್ತಿತ್ತು, "ಒಂಬತ್ತ... ಹತ್ತ... ಹನ್ನೊಂದ..." ಹತ್ತೊಂಬತ್ತಕ್ಕೆ ನಾನು ಎಡಪಾದದ ಕಡೆಗೆ ಹೆಚ್ಚು ವಾಲಿದೆ, ಬೋರ್ಡಿನ ಮೂತಿ ನೀರಿಗೆ ಹೊಕ್ಕಿತು, ಮುಗುಚಿಕೊಂಡೆ. ಮೇಲೆ ಬಂದಾಗ ಬೋಟು ತಿರುಗಿ ನನ್ನ ಕಡೆ ಬರುತ್ತಿತ್ತು. ಅಕ್ಕ ಹಗ್ಗದ ಹಿಡಿಕೆಯನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದಳು. ಮಾಮಾ ಎಂಜಿನ್ ಬಂದ್ ಮಾಡಿ ನನ್ನನ್ನು ಮೇಲಕ್ಕೆಳೆದುಕೊಂಡರು.

"ಆವತ್ತ ನಾ ಹಂಗ ಅನ್ನಬಾರದಿತ್ತು," ಎಂದರು.

"ಅಂದದ್ದು ಚಲೋ ಆತ್ರಿ," ಎಂದೆ. ಮನಸ್ಸಿನಿಂದಲೇ ಹೇಳಿದೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ತೊಡೆನೋವಿನಿಂದ ಎಂದಿಗಿಂತ ಹೆಚ್ಚು ಕುಂಟಿದೆ. ನರ್ಸ್ ಒಬ್ಬಳು ಕುರ್ಚಿ ಎಳೆದಳು. ಸಿಟ್ಟಾಗಲಿಲ್ಲ, ಕೂತು, ಯಾಕೆ ನೋವೆಂದು ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. ಹಿಂದಿನ ದಿನ ನಾನು ಮತ್ತೊಮ್ಮೆ ನಿಂತಾಗ ಅಕ್ಕ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೋ ತೋರಿಸಿದೆ. ಅದರಲ್ಲಿ ಹೆಚ್ಚಾಗಿ ಅಕ್ಕನ ಹೆಬ್ಬೆರಳೇ ಕಾಣುತ್ತಿತ್ತು.

ಈಗ ನೀರಿರುವ ತಿಂಗಳುಗಳಲ್ಲಿ ಗೋಕಾಕ, ಹುಕ್ಕೇರಿಗಳಿಂದ ಜನ ಬರುತ್ತಾರೆ. ಹೊಸಬರಿಗೆ ಬೋರ್ಡ್ ಹೊಂದಿಸಿ ಕೊಡುವುದು ನನ್ನ ಪಾಲಿನ ಕೆಲಸ. ಮೊದಲು ಅವರನ್ನು ದಂಡೆಯ ಮೇಲೆ ಬರಿಗಾಲಿನಲ್ಲಿ ಹತ್ತು ಹೆಜ್ಜೆ ನಡೆಸಿ ನೋಡುತ್ತೇನೆ, ಆಮೇಲೆಯೇ ಯಾವ ಕಾಲು ಮುಂದೆ ಎಂದು ಹೇಳುತ್ತೇನೆ. ಬೋಟು ನಡೆಸುವವಳು ಅಕ್ಕ. ಹಿಂದೆ ನೋಡಿ ನೋಡಿ ಬೇಸರವಾಗಿ, ಒಂದು ದಿನ ಗಂಡನನ್ನು ಎಬ್ಬಿಸಿ ತಾನೇ ಚುಕ್ಕಾಣಿ ಹಿಡಿದಳು. ಈಜು ಈಗಲೂ ಬರುವುದಿಲ್ಲ, ತೇಲುವ ಜಾಕೀಟು ಬಿಗಿದುಕೊಂಡು ಕೂರುತ್ತಾಳೆ. ಆದರೆ ವೇಗ ಒಂದಿಷ್ಟೂ ಏರಿಳಿಯದಂತೆ ಓಡಿಸುವುದರಲ್ಲಿ ಮಾಮಾಗಿಂತ ಅವಳೇ ಮೇಲು, ಇದನ್ನು ಮಾಮಾನೂ ಒಪ್ಪುತ್ತಾರೆ.